ದುಬಾರಿ ರೆಗ್ಯುಲೇಟರ್ ತಗೊಂಡಿದ್ದಾಯ್ತು, ಈಗ ಬುಸ್ ಅಂತಿದೆ. ಸರ್ವಿಸ್ ಕಥೆ ಏನು?

ಜಯನಗರದ ಮೀನು

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಬೈಕೊಳ್ಳಬೇಡಿ.

ಬೆಂಗಳೂರಿನವನು. ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ ಐದು ವರ್ಷ ಆಯಿತು. ವರ್ಷಕ್ಕೆ ಹದಿನೈದು, ಇಪ್ಪತ್ತು ಡೈವ್, ಅಷ್ಟೇ. ಮಳೆ ಮುಗಿದ ಮೇಲೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಒಂದೆರಡು ಸಲ, ರಜೆ ಸಿಕ್ಕರೆ ಅಂಡಮಾನ್. ಎರಡು ವರ್ಷದ ಹಿಂದೆ ಒಬ್ಬರು ಡೈವಿಂಗ್ ಬಿಟ್ಟೆ ಅಂತ ತಮ್ಮ ರೆಗ್ಯುಲೇಟರ್ ಸೆಟ್ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಉಪಕರಣ) ಮಾರುತ್ತಿದ್ದರು. ಸಿಲಿಂಡರಿಗೆ ಸಿಕ್ಕಿಸುವ ಬ್ಯಾಲೆನ್ಸ್ಡ್ ಪಿಸ್ಟನ್ ಫಸ್ಟ್ ಸ್ಟೇಜ್, ಜೊತೆಗೆ ಬಾಯಲ್ಲಿ ಕಚ್ಚುವ, ಆ ಬ್ರಾಂಡಿನವರ ಮೇಲ್ದರ್ಜೆಯ ಸೆಕೆಂಡ್ ಸ್ಟೇಜ್, ಆಕ್ಟೋಪಸ್ (ತುರ್ತಿಗೆ ಇನ್ನೊಂದು ಸೆಕೆಂಡ್ ಸ್ಟೇಜ್) ಕೂಡ ಇತ್ತು. ಬ್ರಾಂಡ್ ಹೆಸರು ಬರೆಯುವುದಿಲ್ಲ, ಬರೆದರೆ ಇಲ್ಲಿ ಮೊದಲು ಅದರ ಜಗಳವೇ ಆಗುತ್ತದೆ. 45 ಸಾವಿರ ಕೊಟ್ಟೆ. ಹೊಸದರ ಬೆಲೆ ನೋಡಿದರೆ ಲಾಟರಿ ಹೊಡೆದ ಹಾಗೆ ಅನ್ನಿಸಿತ್ತು.

ಕೋರಿಯರ್ ಬಂದ ದಿನ ಅಮ್ಮ "ಏನೋ ಇದು" ಅಂದರು. ರೆಗ್ಯುಲೇಟರ್ ಅಂದೆ. "ಮನೇಲಿ ಒಂದು ಇದೆಯಲ್ಲೋ, ಅದಕ್ಕೆ ಇಷ್ಟು ದುಡ್ಡಾ" ಅಂದರು. ಗ್ಯಾಸ್ ಸಿಲಿಂಡರ್‌ದು ಅಂದುಕೊಂಡಿದ್ದರು!

ಈಗ ವಿಷಯ. ಕಳೆದ ವರ್ಷ ಒಂದು ಕಡೆ ಸರ್ವಿಸ್‌ಗೆ ಕಳಿಸಿದೆ. ಎರಡು ತಿಂಗಳು ಇಟ್ಟುಕೊಂಡರು. ವಾಪಸ್ ಬಂದಾಗ ಹೊಳೆಯುತ್ತಿತ್ತು, ಬಿಲ್ಲೂ ಹೊಳೆಯುತ್ತಿತ್ತು. ಆ ದುಡ್ಡಿನಲ್ಲಿ ನೇತ್ರಾಣಿಗೆ ಇನ್ನೊಂದು ಸಲ ಹೋಗಿ ಬರಬಹುದಿತ್ತು. ಆಮೇಲೆ ಮಾಡಿದ್ದು ಬರೀ ಎಂಟು ಡೈವ್. ಹೋದ ತಿಂಗಳು ದೋಣಿಯಲ್ಲಿ ಸಿಲಿಂಡರ್ ವಾಲ್ವ್ ತೆರೆದೆ, ಎರಡು ನಿಮಿಷ ಏನೂ ಇಲ್ಲ, ಆಮೇಲೆ ಸೆಕೆಂಡ್ ಸ್ಟೇಜಿನಿಂದ ಸಣ್ಣಗೆ ಬುಸ್ ಅನ್ನುವುದಕ್ಕೆ ಶುರು. ಗಾಳಿ ಜೋರಾಗಿ ಹೊರಬಿಡುವ ಪರ್ಜ್ ಬಟನ್ ಒಮ್ಮೆ ಒತ್ತಿದರೆ ನಿಲ್ಲುತ್ತದೆ, ಮತ್ತೆ ಶುರು. ಪಕ್ಕದ ನಾಬ್ ಒಳಗೆ ತಿರುಗಿಸಿದರೆ ಸದ್ದು ಹೋಗುತ್ತದೆ, ಆದರೆ ಉಸಿರು ಎಳೆಯಲು ಗಟ್ಟಿ.

ಕೇಳಬೇಕಿರುವುದು ಇಷ್ಟು. ವರ್ಷಕ್ಕೆ ಹದಿನೈದು ಡೈವ್ ಮಾಡುವವನಿಗೂ ವರ್ಷ ವರ್ಷ ಸರ್ವಿಸ್ ಬೇಕಾ? ಇದನ್ನು ನಾನೇ ಬಿಚ್ಚಿ ಕಲಿಯಬಹುದಾ? ಬೈಕಿನ ಕಾರ್ಬುರೇಟರ್ ಬಿಚ್ಚಿ ಜೋಡಿಸಿದ ಅನುಭವ ಇದೆ. ಇಲ್ಲ, ಇದನ್ನು ಮಾರಿ ಬಾಡಿಗೆಗೇ ವಾಪಸ್ ಹೋಗಲಾ?

ಬಾಡಿಗೆ ಸಾಕು

ಮಾರಿ. ಎರಡು ಸಾಲಿನಲ್ಲಿ ಹೇಳುತ್ತೇನೆ. ನೇತ್ರಾಣಿಯಲ್ಲಿ ಟ್ಯಾಂಕು, ದೋಣಿ, ಗೈಡು ಜೊತೆಗೆ ರೆಗ್ಯುಲೇಟರೂ ಪ್ಯಾಕೇಜಿನಲ್ಲೇ ಬರುತ್ತದೆ. ಹದಿನೆಂಟು ಮೀಟರ್ ಆಳದಲ್ಲಿ ನಿಮ್ಮ ಶ್ವಾಸಕೋಶಕ್ಕೆ ಅದು ಟೈಟಾನಿಯಮ್ಮೋ ಹಿತ್ತಾಳೆಯೋ ಗೊತ್ತಾಗುವುದಿಲ್ಲ.

ಕುಂದಾಪ್ರ ಟು ಮಸ್ಕತ್

ಮೇಲಿನವರ ಮಾತು ಅರ್ಧ ಸರಿ ಮಾರಾಯ್ರೆ. ಯೂರೋಪಿನ ಇಎನ್ 250 ಮಾನದಂಡದಲ್ಲಿ ರೆಗ್ಯುಲೇಟರನ್ನು 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಗಾಳಿ ಎಳೆಯುವ ಯಂತ್ರಕ್ಕೆ ಹಾಕಿ ಪರೀಕ್ಷೆ ಮಾಡುತ್ತಾರೆ. ಕಡಿಮೆ ಬೆಲೆಯವೂ ಅದನ್ನು ಪಾಸಾಗುತ್ತವೆ. ಅಂದ ಮೇಲೆ ನೇತ್ರಾಣಿಯಲ್ಲಿ ಆಮೆ ನೋಡಲು ದುಬಾರಿ ಮಾಲು ಬೇಕೇ ಬೇಕು ಅಂತೇನಿಲ್ಲ. ಆದರೆ ನಮ್ಮದೇ ರೆಗ್ಯುಲೇಟರ್ ಅಂದರೆ ಅದರ ಇತಿಹಾಸ ನಮಗೆ ಗೊತ್ತು, ಬಾಡಿಗೆಯದ್ದು ನಿನ್ನೆ ಯಾರ ಬಾಯಲ್ಲಿತ್ತೋ ಯಾರಿಗೆ ಗೊತ್ತು. ನಾನು ಇಲ್ಲಿ ಒಮಾನಿನ ದಯ್ಮಾನಿಯಾತ್ ದ್ವೀಪಗಳ ಕಡೆ ತಿಂಗಳಿಗೆ ಎರಡು ಸಲ ಇಳಿಯುತ್ತೇನೆ, ನನ್ನದು ಸ್ಕೂಬಾಪ್ರೋ ಎಂಕೆ25, ಅದೂ ಪಿಸ್ಟನ್ನೇ. ಹಾಗಾಗಿ ಪಿಸ್ಟನ್ ವಿಷಯ ಸ್ವಲ್ಪ ಗೊತ್ತು.

ನಿಮ್ಮ ಕಾಯಿಲೆ ನೀವೇ ಬರೆದುಬಿಟ್ಟಿದ್ದೀರಿ. "ಎರಡು ನಿಮಿಷ ಏನೂ ಇಲ್ಲ, ಆಮೇಲೆ ಬುಸ್." ವಾಲ್ವ್ ತೆರೆದ ಕೂಡಲೇ ಸೋರಿದ್ದರೆ ಸೆಕೆಂಡ್ ಸ್ಟೇಜಿನ ಸೀಟ್ (ಗಾಳಿಯ ದಾರಿ ಮುಚ್ಚುವ ಭಾಗ) ಅಥವಾ ಲಿವರ್ ಹೊಂದಾಣಿಕೆ ಮೇಲೆ ಅನುಮಾನ ಪಡುತ್ತಿದ್ದೆ. ತಡವಾಗಿ ಶುರುವಾಗುವುದು, ಪರ್ಜ್ ಒತ್ತಿದರೆ ಸ್ವಲ್ಪ ಹೊತ್ತು ನಿಲ್ಲುವುದು ಇವೆರಡೂ ಫಸ್ಟ್ ಸ್ಟೇಜನ್ನು ತೋರಿಸುತ್ತಿವೆ. ಸೋರುವ ಜಾಗ ಒಂದು, ರೋಗದ ಜಾಗ ಇನ್ನೊಂದು.

ಯಾಕೆ ಅಂತ ಹೇಳುತ್ತೇನೆ. ಸಿಲಿಂಡರಿನಲ್ಲಿ 200 ಬಾರ್ ಇರುತ್ತದೆ. ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು, ಹತ್ತು ಬಾರ್ ಮೇಲೆ ಇರುವ ಹಾಗೆ ಇಳಿಸಿ ಹೋಸಿಗೆ ಬಿಡುತ್ತದೆ. ಇದನ್ನೇ ಐಪಿ (ಇಂಟರ್‌ಮೀಡಿಯೇಟ್ ಪ್ರೆಶರ್, ಮಧ್ಯದ ಒತ್ತಡ) ಅನ್ನುವುದು, ಪಿಎಸ್‌ಐ ಲೆಕ್ಕದಲ್ಲಿ 130ರಿಂದ 145. ನೀವು ಉಸಿರು ಎಳೆಯುವುದು ನಿಲ್ಲಿಸಿದಾಗ ಒಳಗಿನ ಪಿಸ್ಟನ್ ಹೋಗಿ ಒಂದು ಗಟ್ಟಿ ಪ್ಲಾಸ್ಟಿಕ್ ಸೀಟಿಗೆ ಒತ್ತಿಕೊಂಡು ಗಾಳಿ ನಿಲ್ಲಿಸಬೇಕು. ಸೀಟ್ ಸವೆದಿದ್ದರೆ, ಇಲ್ಲವೇ ಪಿಸ್ಟನ್ ಅಂಚಿನಲ್ಲಿ ಕೂದಲಿನಷ್ಟು ಗೀರು ಇದ್ದರೆ, ಗಾಳಿ ನಿಲ್ಲುವುದಿಲ್ಲ, ಜಿನುಗುತ್ತಲೇ ಇರುತ್ತದೆ. ಐಪಿ ಏರುತ್ತಾ ಹೋಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ಅದೇ ಒತ್ತಡ ಸೆಕೆಂಡ್ ಸ್ಟೇಜಿನ ವಾಲ್ವನ್ನು ದೂಡಿ ಹೊರಗೆ ಬರುತ್ತದೆ. ಹಾಗೆ ಬರಲಿ ಅಂತಲೇ ಆ ವಾಲ್ವನ್ನು ಮಾಡಿರುವುದು. ಕೆಟ್ಟರೆ ಗಾಳಿ ನಿಲ್ಲಬಾರದು, ಸುರಿಯಬೇಕು. ಅದಿಲ್ಲದಿದ್ದರೆ ಹೋಸ್ ಒಡೆದು ಹೋಗುತ್ತಿತ್ತು.

ನಾಬ್ ಒಳಗೆ ತಿರುಗಿಸಿದಾಗ ನೀವು ಮಾಡಿದ್ದು ಇಷ್ಟೇ, ಅಳುವ ಮಗುವಿನ ಬಾಯಿಗೆ ಕೈ ಅಡ್ಡ ಇಟ್ಟಿದ್ದು. ದಯವಿಟ್ಟು ಹಾಗೆ ಇಟ್ಟುಕೊಂಡು ಇಳಿಯಬೇಡಿ.

ಮೊದಲು ಒಂದು ಐಪಿ ಗೇಜ್ ತಗೊಳ್ಳಿ. ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವ ಜಾಕೆಟ್ಟಿಗೆ, ಸಿಕ್ಕಿಸುವ ಇನ್‌ಫ್ಲೇಟರ್ ಹೋಸಿಗೇ ಅದು ಸಿಕ್ಕಿಕೊಳ್ಳುತ್ತದೆ, ಏನೂ ಬಿಚ್ಚಬೇಕಿಲ್ಲ. ಸೆಕೆಂಡ್ ಸ್ಟೇಜ್ ಜೋಡಿಸಿರಲೇಬೇಕು, ಇಲ್ಲದಿದ್ದರೆ ಜಾಸ್ತಿಯಾದ ಒತ್ತಡಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ವಾಲ್ವ್ ನಿಧಾನಕ್ಕೆ ತೆರೆಯಿರಿ, ಹತ್ತಿಪ್ಪತ್ತು ಸಲ ಪರ್ಜ್ ಮಾಡಿ, ಆಮೇಲೆ ಸುಮ್ನೆ ಮುಳ್ಳು ನೋಡುತ್ತಾ ಕೂರಿ. ಒಂದೆರಡು ಸೆಕೆಂಡಿನಲ್ಲಿ ಗಕ್ಕನೆ ನಿಂತರೆ ಸರಿ. ಹತ್ತು ನಿಮಿಷ ಕೂತರೂ ಅಲ್ಲೇ ಇರಬೇಕು. ಮೆಲ್ಲಗೆ ಹತ್ತುತ್ತಾ ಹೋದರೆ ನಾನು ಹೇಳಿದ್ದೇ. ತುಂಬಿದ ಸಿಲಿಂಡರಿನಲ್ಲಿ ಒಮ್ಮೆ, 50 ಬಾರ್ ಉಳಿದಿರುವುದರಲ್ಲಿ ಒಮ್ಮೆ ನೋಡಿ.

ಸ್ವಂತ ಬಿಚ್ಚುವ ವಿಷಯ. ಕಾರ್ಬುರೇಟರ್ ಬಿಚ್ಚಿದವರಿಗೆ ಇದು ಬ್ರಹ್ಮವಿದ್ಯೆ ಏನಲ್ಲ, ಭಾಗಗಳು ಅದಕ್ಕಿಂತ ಕಡಿಮೆ. ಆದರೆ ಕಾರ್ಬುರೇಟರ್ ತಪ್ಪಾದರೆ ಬೈಕು ರಸ್ತೆ ಬದಿಯಲ್ಲಿ ನಿಲ್ಲುತ್ತದೆ, ಇಲ್ಲಿ ರಸ್ತೆ ಬದಿ ಇಲ್ಲ. ಇನ್ನೊಂದು ತಲೆನೋವು ಅಂದರೆ ದೊಡ್ಡ ಬ್ರಾಂಡಿನವರು ಸರ್ವಿಸ್ ಕಿಟ್ಟನ್ನು (ಬದಲಾಯಿಸುವ ಸಣ್ಣ ಭಾಗಗಳ ಪೊಟ್ಟಣ) ತಾವು ತರಬೇತಿ ಕೊಟ್ಟ ತಂತ್ರಜ್ಞರಿಗೆ ಮಾತ್ರ ಕೊಡುವುದು. ಹೊರಗೆ ಸಿಗುವ ಕಿಟ್ ಅಸಲಿಯೋ ನಕಲಿಯೋ ಹೇಳುವುದು ಕಷ್ಟ. ಎಂಕೆ25 ಥರದ ಪಿಸ್ಟನ್ ಕೂರಿಸಲು ಅದರದ್ದೇ ಸಲಕರಣೆ ಬೇಕು, ಬರಿಗೈಯಲ್ಲಿ ತಳ್ಳಿದರೆ ಓ-ರಿಂಗ್ (ಸೋರದ ಹಾಗೆ ತಡೆಯುವ ರಬ್ಬರ್ ಬಳೆ) ಕತ್ತರಿಸುತ್ತದೆ. ಒಳಗಿಂದ ಓ-ರಿಂಗ್ ತೆಗೆಯಲು ಯಾರೋ ಉಕ್ಕಿನ ಸೂಜಿ ಹಾಕಿ ಹಿತ್ತಾಳೆಗೆ ಗೀರು ಎಳೆದರಂತೂ ಮುಗಿಯಿತು, ಅಲ್ಲಿಂದ ಸೋರುವುದು ಯಾವ ಹೊಸ ರಿಂಗಿಗೂ ನಿಲ್ಲುವುದಿಲ್ಲ.

ದ್ವೀಪದ ಗೈಡ್

ನಾನು ಅಂಡಮಾನಿನಲ್ಲಿ ಕೆಲಸ ಮಾಡುವವನು, ಊರು ಕಾರವಾರ. ದಿನಾ ಇಪ್ಪತ್ತು ಬಾಡಿಗೆ ರೆಗ್ಯುಲೇಟರ್ ತೊಳೆಯುತ್ತೇನೆ, ಹಾಗಾಗಿ ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ. ರೆಗ್ಯುಲೇಟರ್ ಸಾಯುವುದು ಸಮುದ್ರದಲ್ಲಲ್ಲ, ಬಕೆಟ್ಟಿನಲ್ಲಿ.

ಮೀನು ಸರ್, ಒಂದು ಪ್ರಶ್ನೆ. ತೊಳೆಯುವಾಗ ಪರ್ಜ್ ಬಟನ್ ಒತ್ತುತ್ತೀರಾ? ಒಳಗೂ ಚೆನ್ನಾಗಿ ತೊಳೆಯಲಿ ಅಂತ ತುಂಬಾ ಜನ ಒತ್ತುತ್ತಾರೆ. ಗಾಳಿಯ ಒತ್ತಡ ಇಲ್ಲದೆ ಒತ್ತಿದರೆ ವಾಲ್ವ್ ತೆರೆದುಕೊಂಡು ಬಕೆಟ್ಟಿನ ಉಪ್ಪುನೀರು ಹೋಸಿನೊಳಗೆ ಇಳಿದು ಸೀದಾ ಫಸ್ಟ್ ಸ್ಟೇಜಿಗೆ ಹೋಗುತ್ತದೆ. ಒತ್ತಬಾರದು. ಫಸ್ಟ್ ಸ್ಟೇಜಿನ ಬಾಯಿ ಮುಚ್ಚುವ ಡಸ್ಟ್ ಕ್ಯಾಪ್ ಒರೆಸಿ ಒಣಗಿಸಿ ಬಿಗಿಯಾಗಿ ಹಾಕಿದ ಮೇಲೆಯೇ ನೀರಿಗೆ. ಕ್ಯಾಪ್ ಒಣಗಿಸಲು ಸಿಲಿಂಡರ್ ಗಾಳಿ ಬುಸ್ಸನೆ ಬಿಡುವ ಚಾಳಿ ದೋಣಿಗಳಲ್ಲಿ ಇದೆ. ಕಿವಿಗೂ ಕೆಟ್ಟದ್ದು, ಪಕ್ಕದಲ್ಲೇ ಬಾಯಿ ತೆರೆದುಕೊಂಡಿರುವ ಫಿಲ್ಟರಿನೊಳಗೆ ಹನಿ ತೂರಿಸುವುದಕ್ಕೂ ಅದೇ ಸುಲಭ ದಾರಿ. ಟವೆಲ್ಲಿನ ಮೂಲೆ ಸಾಕು.

ಪಿಸ್ಟನ್ ಮಾದರಿಗಳಲ್ಲಿ ಫಸ್ಟ್ ಸ್ಟೇಜಿನ ಮೈಮೇಲೆ ತೂತುಗಳಿವೆಯಲ್ಲ, ಅಲ್ಲಿ ಸಮುದ್ರದ ನೀರು ಒಳಗೆ ಬಂದು ಸ್ಪ್ರಿಂಗಿಗೆ ತಾಗುತ್ತದೆ. ಅದು ಬರಲೇಬೇಕು, ಆಳದ ಒತ್ತಡ ಅಳೆಯುವುದು ಹಾಗೆಯೇ. ಆ ನೀರು ಒಣಗಿದರೆ ಉಪ್ಪಿನ ಹರಳು. ಮೇಲಿಂದ ನಲ್ಲಿ ನೀರು ಬಿಟ್ಟರೆ ಅದು ಕರಗುವುದಿಲ್ಲ. ಅರ್ಧ ಗಂಟೆಯಾದರೂ ಉಗುರು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿಡಿ, ಅದೂ ಅದೇ ದಿನ. ಎಲ್ಲರೂ ತೊಳೆದು ತೊಳೆದು ಉಪ್ಪಾಗಿರುವ ದೋಣಿಯ ಡ್ರಮ್ಮಿನಲ್ಲಿ ಅದ್ದಿದ್ದನ್ನು ತೊಳೆದದ್ದು ಅಂತ ಲೆಕ್ಕ ಹಿಡಿಯಬೇಡಿ. ಅಪೆಕ್ಸ್ ಎಕ್ಸ್‌ಟಿಎಕ್ಸ್50 ಥರದ ಸೀಲ್ ಮಾಡಿದ ಡಯಾಫ್ರಾಮ್ (ರಬ್ಬರ್ ಪೊರೆ) ಮಾದರಿಗಳಿಗೆ ಈ ಗೋಳು ಕಡಿಮೆ, ಒಳಗಿನ ಸ್ಪ್ರಿಂಗಿಗೆ ನೀರೇ ತಾಗುವುದಿಲ್ಲ. ನಮ್ಮ ಮರಳು, ಕೆಸರು, ಉಪ್ಪಿಗೆ ನನ್ನ ಓಟು ಡಯಾಫ್ರಾಮಿಗೇ. ಮಸ್ಕತ್ ಅಣ್ಣ ಜಗಳಕ್ಕೆ ಬರಬಹುದು.

ಬೆಂಗಳೂರಿನವರಿಗೆ ಇನ್ನೊಂದು. ನಿಮ್ಮ ಬೋರ್‌ವೆಲ್ ನೀರು ಗಡಸು, ಗೀಸರ್ ಕಾಯಿಲ್ ನೋಡಿದರೆ ಗೊತ್ತಾಗುತ್ತದೆ. ಕೊನೆಯ ಸಲ ಅದ್ದುವುದು ಕಾವೇರಿ ನೀರಿನಲ್ಲೋ ಆರ್‌ಓ ನೀರಿನಲ್ಲೋ ಇರಲಿ. ನೆರಳಿನಲ್ಲಿ ಒಣಗಿಸಿ. ಹೋಸನ್ನು ಹಗ್ಗದ ಹಾಗೆ ಬಿಗಿಯಾಗಿ ಸುತ್ತಬೇಡಿ. ನಾಬ್ ಇದ್ದರೆ ಪೂರ್ತಿ ಹೊರಕ್ಕೆ ತಿರುಗಿಸಿಡಿ, ಸ್ಪ್ರಿಂಗಿನ ಭಾರಕ್ಕೆ ಸೀಟಿನಲ್ಲಿ ಹಳ್ಳ ಬೀಳುವುದು ಕಡಿಮೆಯಾಗುತ್ತದೆ. ಒಣಗಿದ ಮೇಲೆ ಜಿಪ್ ಇರುವ ಚೀಲದಲ್ಲಿ ಹಾಕಿಡಿ, ಜಿರಳೆ ಮರಿಗೆ ಸೆಕೆಂಡ್ ಸ್ಟೇಜಿಗಿಂತ ಒಳ್ಳೆಯ ಮನೆ ಬೇರೆ ಇಲ್ಲ. ನಗಬೇಡಿ, ಒಬ್ಬ ಗಿರಾಕಿ ಮೊದಲ ಉಸಿರಿಗೇ ಉಗುಳಿದ್ದು ನಾನೇ ನೋಡಿದ್ದೇನೆ. ಹಾಗಂತ ನುಸಿಗುಳಿಗೆ ಹಾಕಿಡಬೇಡಿ, ಆಮೇಲೆ ಅದನ್ನೇ ಉಸಿರಾಡಬೇಕಲ್ವಾ.

ಇಳಿಯುವ ಮೊದಲು ಬಾಡಿಗೆಯದಕ್ಕೂ ಸ್ವಂತದ್ದಕ್ಕೂ ಒಂದು ಪುಕ್ಕಟೆ ಪರೀಕ್ಷೆ. ಸಿಲಿಂಡರಿಗೆ ಜೋಡಿಸದೆ, ಡಸ್ಟ್ ಕ್ಯಾಪ್ ಹಾಕಿಕೊಂಡು, ಮೌತ್‌ಪೀಸಿನಿಂದ ಗಾಳಿ ಎಳೆಯಿರಿ. ಸ್ವಲ್ಪವೂ ಬರಬಾರದು. ಬಂತು ಅಂದರೆ ಎಲ್ಲೋ ಡಯಾಫ್ರಾಮ್ ಹರಿದಿದೆ, ಇಲ್ಲವೇ ಉಸಿರು ಹೊರಹೋಗುವ ಎಕ್ಸಾಸ್ಟ್ ವಾಲ್ವಿನ ಕೆಳಗೆ ಮರಳು ಕೂತಿದೆ, ಅಥವಾ ಮೌತ್‌ಪೀಸ್ ಜಿಪ್ ಟೈ ಹತ್ತಿರ ಸೀಳಿದೆ. ನೀರಿನಲ್ಲಿ ಅದೇ ಜಾಗದಿಂದ ಬಾಯಿಗೆ ಉಪ್ಪುನೀರು.

ಟೈಟಾನಿಯಂ ತಾತ

ಅರವತ್ತು ದಾಟಿದೆ, ಅದಕ್ಕೆ ತಾತ. ನನ್ನ ಹತ್ತಿರ ಅಟಾಮಿಕ್ ಟಿ3 ಅನ್ನುವ ಟೈಟಾನಿಯಂ ರೆಗ್ಯುಲೇಟರ್ ಇದೆ. ಹೌದು, ದುಬಾರಿ. ಹೌದು, ಮಗ ಬೈದ. ಟೈಟಾನಿಯಂ ಉಪ್ಪುನೀರಿಗೆ ಜಗ್ಗುವುದಿಲ್ಲ, ಭಾರ ಇಲ್ಲ, ಹ್ಯಾಂಡ್ ಲಗೇಜಿನಲ್ಲಿ ಇಟ್ಟರೆ ಇದ್ದದ್ದೇ ಗೊತ್ತಾಗುವುದಿಲ್ಲ. ಆದರೆ ಇದನ್ನು ತಗೊಂಡರೆ ಸರ್ವಿಸ್ಸೇ ಬೇಡ ಅನ್ನುವವರ ಮಾತು ನಂಬಬೇಡಿ. ಕಂಪನಿ ಹೇಳುವುದು ಮೂರು ವರ್ಷ ಅಥವಾ 300 ಡೈವ್, ಯಾವುದು ಮೊದಲೋ ಅದು. ಅಷ್ಟು ಉದ್ದದ ಗಡುವಿಗೆ ಕಾರಣ ಬರೀ ಲೋಹ ಅಲ್ಲ. ಒತ್ತಡ ಇಲ್ಲದಾಗ ಸೆಕೆಂಡ್ ಸ್ಟೇಜಿನ ಆರಿಫಿಸ್ (ಗಾಳಿ ಬರುವ ತೂತಿನ ಭಾಗ) ತಾನಾಗಿ ಸೀಟಿನಿಂದ ಹಿಂದೆ ಸರಿಯುವ ಹಾಗೆ ಮಾಡಿದ್ದಾರೆ, ಗೈಡ್ ಹೇಳಿದ ಹಳ್ಳ ಅಲ್ಲಿ ಬೀಳುವುದಿಲ್ಲ. ಒಳಗಿನ ಓ-ರಿಂಗ್ ಮಾತ್ರ ಎಲ್ಲರದ್ದೂ ರಬ್ಬರೇ. ಕಪಾಟಿನಲ್ಲಿ ಕೂತಿದ್ದರೂ ವಯಸ್ಸಾಗುತ್ತದೆ, ನನ್ನ ಹಾಗೆ.

ಇನ್ನೊಂದು ವಿಷಯ ಮಾರುವವರು ಮೆಲ್ಲಗೆ ಹೇಳುತ್ತಾರೆ. 40 ಶೇಕಡಕ್ಕಿಂತ ಜಾಸ್ತಿ ಆಮ್ಲಜನಕ ಇರುವ ಗಾಳಿಗೆ ಟೈಟಾನಿಯಂ ಬಳಸಬಾರದು, ಹೊತ್ತಿಕೊಳ್ಳುವ ಅಪಾಯ ಇದೆ. ಮಾಮೂಲಿ ನೈಟ್ರಾಕ್ಸಿಗೆ (ಆಮ್ಲಜನಕ ಸ್ವಲ್ಪ ಹೆಚ್ಚಿಸಿದ ಗಾಳಿ) ಚಿಂತೆ ಇಲ್ಲ. ತುಂಬಾ ಆಳದ ಟೆಕ್ ಡೈವಿಂಗ್ ಮಾಡಿ, ಮೇಲೆ ಬರುವಾಗ ಉಸಿರಾಡುವ, ಆಮ್ಲಜನಕ ಜಾಸ್ತಿ ಇರುವ ಡೀಕೋ ಸಿಲಿಂಡರಿಗೆ ಹಾಕುತ್ತೇನೆ ಅಂದರೆ ಹಿತ್ತಾಳೆಯದ್ದೇ ತಗೊಳ್ಳಿ.

ಮೀನು ಅವರ ಮೊದಲ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ. ಮೊದಲು ನಿಮ್ಮ ಮಾದರಿಯ ಕೈಪಿಡಿ ನೋಡಿ, ಒಂದೊಂದು ಕಂಪನಿಯದು ಒಂದೊಂದು ಗಡುವು. ನನ್ನ ಪದ್ಧತಿ ಹೀಗಿದೆ. ವರ್ಷ ವರ್ಷ ತೋರಿಸುತ್ತೇನೆ, ಗೇಜ್ ಹಾಕಿ ನೋಡಿಸುತ್ತೇನೆ, ಬಿಚ್ಚಿಸುವುದು ಗಡುವು ಬಂದಾಗ ಅಥವಾ ಗೇಜ್ ಏನಾದರೂ ಹೇಳಿದಾಗ. ಚೆನ್ನಾಗಿರುವುದನ್ನು ಸುಮ್ನೆ ಬಿಚ್ಚಿಸುವುದೂ ಒಂದು ಅಪಾಯವೇ, ಪ್ರತಿ ಸಲ ಬಿಚ್ಚಿದಾಗ ಒಬ್ಬ ಮನುಷ್ಯನ ಕೈ ಒಳಗೆ ಹೋಗುತ್ತದೆ. ಸರ್ವಿಸ್ ಆದ ಕೂಡಲೇ ಮಾಲ್ಡೀವ್ಸ್ ವಿಮಾನ ಹತ್ತಬೇಡಿ. ಹೊಸ ಸೀಟ್ ಕೂತುಕೊಳ್ಳಲು ಸ್ವಲ್ಪ ಟೈಮ್ ಬೇಕು, ಒಮ್ಮೆ ಈಜುಕೊಳದಲ್ಲಿ ಇಳಿದು ನೋಡಿ. ಸರ್ವಿಸ್ ಮಾಡಿದವರ ಹತ್ತಿರ ಎರಡು ಕೇಳಿ. ಬದಲಾಯಿಸಿದ ಹಳೆಯ ಭಾಗಗಳನ್ನು ಚೀಲದಲ್ಲಿ ಹಾಕಿ ಕೊಡಿ, ಐಪಿ ಎಷ್ಟಿತ್ತು ಎಷ್ಟಾಯಿತು ಬರೆದು ಕೊಡಿ. ಇಷ್ಟಕ್ಕೇ ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ.

ಹಳೆಯ ಫಿಲ್ಟರ್ ಕೈಗೆ ಬಂದರೆ ಬಣ್ಣ ನೋಡಿ. ಹಸಿರು ಅಂದರೆ ಒಳಗೆ ನೀರು ಹೋಗಿದೆ. ಕೆಂಪು ಕಂದು ಅಂದರೆ ಯಾವುದೋ ಉಕ್ಕಿನ ಸಿಲಿಂಡರಿನ ತುಕ್ಕು. ಕಪ್ಪು ಇದ್ದರೆ ಗಾಳಿ ತುಂಬುವ ಕಂಪ್ರೆಸರಿನ ಫಿಲ್ಟರ್ ಪುಡಿ ಬಂದಿರಬಹುದು, ಆ ಸೆಂಟರಿಗೆ ಮತ್ತೆ ಹೋಗಬೇಕೋ ಬೇಡವೋ ಯೋಚನೆ ಮಾಡಿ.

ಅಂದಹಾಗೆ ನಿಮ್ಮ ಅಮ್ಮನ ಮಾತು ತಪ್ಪೇನಲ್ಲ ಕಣಪ್ಪ. 1943ರಲ್ಲಿ ಫ್ರಾನ್ಸಿನ ಡೈವರ್ ಕೂಸ್ಟೋ ಜೊತೆ ಸೇರಿ ಆಕ್ವಾ ಲಂಗ್ ಅನ್ನುವ ಸ್ಕೂಬಾ ಸೆಟ್ ಮಾಡಿದ ಎಮಿಲ್ ಗಾನ್ಯಾನ್ ಪ್ಯಾರಿಸ್ಸಿನ ಒಂದು ಗ್ಯಾಸ್ ಕಂಪನಿಯ ಎಂಜಿನಿಯರ್. ಯುದ್ಧದ ಕಾಲ, ಪೆಟ್ರೋಲ್ ಇಲ್ಲ. ಕಾರು ಗ್ಯಾಸಿನಲ್ಲಿ ಓಡಲಿ ಅಂತ ಮಾಡಿದ್ದ ವಾಲ್ವನ್ನೇ ತಿದ್ದಿ ನೀರಿಗಿಳಿಸಿದರು. ಗ್ಯಾಸ್ ರೆಗ್ಯುಲೇಟರ್ ಅಂದಿದ್ದು ಸರಿಯಾಗೇ ಇದೆ.

ಕುಂದಾಪ್ರ ಟು ಮಸ್ಕತ್

ಗೈಡ್, ಜಗಳಕ್ಕೆ ಬರುವುದಿಲ್ಲ, ಆದರೆ ನನ್ನ ಪಿಸ್ಟನ್ ಹನ್ನೊಂದು ವರ್ಷದಿಂದ ಓಡುತ್ತಿದೆ ಅಂತ ಮಾತ್ರ ಹೇಳುತ್ತೇನೆ.

ಹೋಸ್ ವಿಷಯ ಬಿಟ್ಟುಹೋಗಿತ್ತು. ಹೊರಗೆ ಬಣ್ಣದ ನೇಯ್ಗೆ ಇರುವ ಮೆತ್ತಗಿನ ಹೋಸ್‌ಗಳಿವೆಯಲ್ಲ, ಚಂದ ಕಾಣುತ್ತವೆ. ಅಂಥ ಕೆಲವು ಹೋಸ್‌ಗಳ ಒಳಗಿನ ಪದರ ಬಿಸಿ, ತೇವಕ್ಕೆ ಕೆಟ್ಟು, ಹಳದಿ ಹರಳಾಗಿ, ಗಾಳಿಗೆ ಅಡ್ಡ ಬಂದ ಪ್ರಕರಣಗಳನ್ನು ಡೈವರ್‌ಗಳ ಸುರಕ್ಷತೆ ನೋಡುವ ಡ್ಯಾನ್ ಸಂಸ್ಥೆ ವರದಿ ಮಾಡಿದೆ. ಹೊರಗಿಂದ ಏನೂ ಗೊತ್ತಾಗುವುದಿಲ್ಲ. ಎರಡನೇ ಕೈ ಸೆಟ್ ತಗೊಂಡಾಗ ಮೊದಲು ಹೋಸ್ ಬದಲಾಯಿಸಿ, ಯಾವ ವರ್ಷದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಲೇಬೇಡಿ.

ಜಯನಗರದ ಮೀನು

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮೂರು ವಾರ ಆಯಿತು, ಏನಾಯಿತು ಅಂತ ಬರೆಯದಿದ್ದರೆ ತಪ್ಪಾಗುತ್ತದೆ.

ಗೇಜ್ ಒಬ್ಬ ಗೆಳೆಯನ ಹತ್ತಿರ ಸಿಕ್ಕಿತು. ಇಲ್ಲಿ ಈಜುಕೊಳದಲ್ಲಿ ಕ್ಲಾಸ್ ಮಾಡುವವರ ಹತ್ತಿರ ತುಂಬಿದ ಸಿಲಿಂಡರ್ ಕೇಳಿಕೊಂಡು ಮೆಟ್ಟಿಲ ಮೇಲೆ ಕೂತು ನೋಡಿದೆ. ಶುರುವಿನಲ್ಲಿ 9.5 ಬಾರ್. ಒಂದು ನಿಮಿಷಕ್ಕೆ 10. ಐದು ನಿಮಿಷಕ್ಕೆ 11 ದಾಟಿತು, ಅಲ್ಲಿಂದ ಬುಸ್. ಕುಂದಾಪ್ರದವರು ಕೂತಲ್ಲಿಂದಲೇ ನಾಡಿ ಹಿಡಿದುಬಿಟ್ಟರು. ಈಜು ಕಲಿಯಲು ಬಂದ ಒಬ್ಬ ಹುಡುಗ ಪಕ್ಕದಲ್ಲಿ ಕೂತು "ಅಂಕಲ್, ಬಿಪಿ ನೋಡ್ತಿದ್ದೀರಾ" ಅಂದ.

ಆಮೇಲೆ ಇನ್ನೊಬ್ಬ ತಂತ್ರಜ್ಞರನ್ನು ಹುಡುಕಿ, ನನ್ನ ಎದುರಿಗೇ ಬಿಚ್ಚಬೇಕು ಅಂತ ಕೇಳಿಕೊಂಡೆ. ಪಾಪ ಒಪ್ಪಿದರು. ಫಿಲ್ಟರ್ ಹಸಿರು. ಸೀಟಿನಲ್ಲಿ ಉಂಗುರದ ಹಾಗೆ ಆಳವಾದ ಗುರುತು, ಎಂಟು ಡೈವಿಗೆ ಅಷ್ಟಾಗುವುದಿಲ್ಲ, ಇದು ಹಳೆಯದ್ದೇ ಅಂದರು. ಅಂದರೆ ಹೋದ ವರ್ಷದ ಬಿಲ್ಲಿನಲ್ಲಿ ಕಿಟ್ ಅಂತ ಬರೆದಿದ್ದು ಯಾರ ರೆಗ್ಯುಲೇಟರಿಗೆ ಹೋಯಿತೋ. ಅವರಿಗೆ ಮೇಲ್ ಹಾಕಿದ್ದೇನೆ, ಉತ್ತರ ಇಲ್ಲ. ಪಿಸ್ಟನ್ ಅಂಚನ್ನು ಭೂತಗನ್ನಡಿ ಹಾಕಿ ತೋರಿಸಿದರು, ಉಗುರಿಗೆ ಸಿಗದಷ್ಟು ಸಣ್ಣ ಗೀರು. ಅದನ್ನೂ ಬದಲಾಯಿಸಬೇಕಂತೆ.

ಹಸಿರಿಗೆ ಮಾತ್ರ ಬೇರೆಯವರನ್ನು ಬೈಯುವ ಹಾಗಿಲ್ಲ. ಗೈಡ್ ಸರ್, ಹೌದು, ಒತ್ತುತ್ತಿದ್ದೆ. ಎರಡು ವರ್ಷ, ಪ್ರತಿ ಸಲ, ಬಕೆಟ್ಟಿನಲ್ಲಿ ಮುಳುಗಿಸಿ, ಗುಳುಗುಳು ಅನ್ನುವವರೆಗೆ. ಒಳಗೂ ಕ್ಲೀನ್ ಆಗುತ್ತಿದೆ ಅಂತ ಖುಷಿಪಡುತ್ತಿದ್ದೆ.

ಮಾರುತ್ತಿಲ್ಲ. ಸ್ವಂತ ಬಿಚ್ಚುವ ಆಸೆ ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ, ಗೇಜ್ ಮಾತ್ರ ಒಂದು ತರಿಸಿದೆ. ಪಿಸ್ಟನ್ ಬರಲು ಇನ್ನೂ ಒಂದು ತಿಂಗಳು ಅಂದಿದ್ದಾರೆ. ಮುಂದಿನ ಶನಿವಾರ ನೇತ್ರಾಣಿ ಇದೆ, ಅಲ್ಲಿ ಬಾಡಿಗೆಯದ್ದೇ. ನನ್ನ ಮೌತ್‌ಪೀಸ್ ಬಿಚ್ಚಿಕೊಂಡಿದ್ದೇನೆ, ಜೊತೆಗೆ ನಾಲ್ಕು ಜಿಪ್ ಟೈ. ಇಳಿಯುವ ಮೊದಲು ಒಮ್ಮೆ ಎಳೆದು ನೋಡುತ್ತೇನೆ, ಜಿರಳೆ ಇದ್ದರೆ ಇಲ್ಲೇ ಬಂದು ಬರೆಯುತ್ತೇನೆ.

ಬಾಡಿಗೆ ಸಾಕು

ನಾನು ಮೊದಲೇ ಹೇಳಿದ್ದೆ :)